ಮಗಳಿಗೆ ಕಲಿಸದ ಕಸುಬು

ನಾನು ಸಂಶಯದ ಪ್ರಾಣಿ. ಹಾಲಿನವನು ಹಾಕಿದ ಹಾಲನ್ನು ಬೆರಳ ಮೇಲೆ ಬಿಟ್ಟು ನೋಡದೆ ಒಳಗೆ ಒಯ್ಯುವವಳಲ್ಲ. ಇಳಕಲ್ಲಿನ ಬಸ್ ನಿಲ್ದಾಣದ ಹತ್ತಿರ ನಮ್ಮದೊಂದು ಸೀರೆ ಅಂಗಡಿ ಇದೆ. ಅಲ್ಲಿ ಕೂತು ಕೂತು ಈ ಗುಣ ಇನ್ನಷ್ಟು ಬಲಿತಿದೆ. ಸೀರೆ ಭಾಳ ಚೆಂದ ಐತಿ ಎಂದು ಹೊಗಳುವ ಗಿರಾಕಿ ಕೊಳ್ಳುವುದಿಲ್ಲ, ಮೂಗು ಮುರಿಯುವವಳೇ ಕೊಳ್ಳುತ್ತಾಳೆ. ಹೀಗಿರುವಾಗ ಅಮೆರಿಕದ ಒಬ್ಬ ಹೆಂಗಸು ನಮ್ಮ ಮನೆಗೆ ಬಂದು, ಕುಣಿಮಗ್ಗದ ಮುಂದೆ ಬರಿನೆಲದ ಮೇಲೆ ಕೂತು, ನಮ್ಮ ಅತ್ತೆಯ ಕೈಯನ್ನೇ ನೋಡುತ್ತ "ಎಷ್ಟು ಸುಂದರವಾಗಿದೆ" ಎಂದಾಗ ನನ್ನ ತಲೆಯಲ್ಲಿ ಎದ್ದ ಮೊದಲ ಪ್ರಶ್ನೆ, ಇವಳಿಗೆ ಏನು ಬೇಕಾಗಿದೆ ಎಂಬುದು.

ಬೇಕಾದದ್ದು ಏನೆಂದು ಬೇಗನೆ ತಿಳಿಯಿತು. ಇಳಕಲ್ ಸೀರೆಯ ಮೈ ಬೇರೆ, ಸೆರಗು ಬೇರೆ. ಮೈಯ ಎಳೆಗಳು ಹತ್ತಿ ನೂಲಿನವು, ಸೆರಗಿನವು ಕೆಂಪು ರೇಷ್ಮೆಯವು. ಎರಡನ್ನೂ ಮಗ್ಗದ ಮೇಲೆಯೇ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು, ಇಬ್ಬರು ಹುಡುಗಿಯರು ಕಿರುಬೆರಳಿಗೆ ಕಿರುಬೆರಳು ಸಿಕ್ಕಿಸಿಕೊಂಡ ಹಾಗೆ. ಕೈಮಗ್ಗ ಇಟ್ಟುಕೊಂಡವರೆಲ್ಲ ಈ ಕೊಂಡಿ ಹಾಕುತ್ತಾರೆ. ಆದರೆ ನಮ್ಮ ಅತ್ತೆ ಕೊನೆಯಲ್ಲಿ ಹೆಬ್ಬೆರಳನ್ನು ಒಂದು ಥರ ಹೊರಳಿಸಿ ಬಿಗಿಯುವ ರೀತಿ ಬೇರೆ ಯಾರಿಗೂ ಬರುವುದಿಲ್ಲ. ಅವರು ಕೂಡಿಸಿದ ಸೀರೆ ಹರಿದು ಚಿಂದಿಯಾದೀತು, ಕೂಡಿದ ಜಾಗ ಬಿಡದು. ಅದು ಅವರಿಗೆ ಅವರ ಅತ್ತೆಯಿಂದ ಬಂದದ್ದು. ಕಸುಬನ್ನು ಸೊಸೆಗೆ ಕಲಿಸಬೇಕು, ಮಗಳಿಗೆ ಕಲಿಸಬಾರದು ಎಂಬುದು ನಮ್ಮ ಮನೆತನದ ಕಟ್ಟಳೆ. ಮಗಳು ಇನ್ನೊಬ್ಬರ ಮನೆಗೆ ಹೋಗುವವಳು, ಕೈಯಲ್ಲಿದ್ದದ್ದನ್ನೂ ಅಲ್ಲಿಗೇ ಒಯ್ಯುತ್ತಾಳೆ.

ನಾನೂ ನೇಕಾರರ ಮಗಳೇ, ಹುನಗುಂದದವಳು. ತವರಿನಲ್ಲಿ ಇದೇ ಕಟ್ಟಳೆಯಿಂದಾಗಿ ನನಗೆ ಲಾಳಿ ಮುಟ್ಟಗೊಡಲಿಲ್ಲ. ಸೊಸೆಯಾಗಿ ಇಲ್ಲಿಗೆ ಬರುವ ಹೊತ್ತಿಗೆ ಓಣಿಯ ತುಂಬ ಪವರ್‌ಲೂಮ್ ಖಟಖಟ ಶುರುವಾಗಿತ್ತು. ಕೈಮಗ್ಗ ಇನ್ನು ಮುಗೀತು ಎಂದು ಗಂಡ ನನ್ನನ್ನು ಅಂಗಡಿಯಲ್ಲಿ ಕೂರಿಸಿದರು. ಅತ್ತೆ ಕರೆಯಲಿಲ್ಲ, ನಾನು ಕೇಳಲಿಲ್ಲ. ಈಗ ಅತ್ತೆಗೆ ಎಂಬತ್ತರ ಹತ್ತಿರ. ಮುಂಜಾನೆ ಬೆರಳು ಮಡಚಲು ಬರುವುದಿಲ್ಲ, ಬಿಸಿನೀರಿನಲ್ಲಿ ಅದ್ದಿಕೊಂಡು ಕೂರುತ್ತಾರೆ. ಆ ಹೆಬ್ಬೆರಳಿನ ಹೊರಳು ಅವರ ಜೊತೆಗೇ ಹೋಗಿಬಿಡುತ್ತದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳುವವರಿರಲಿಲ್ಲ. ಅದನ್ನು ಕಲಿಯಬೇಕೆಂದು ಮನೆಬಾಗಿಲಿಗೆ ಬಂದ ಮೊದಲ ಹೆಂಗಸು ಸಮುದ್ರದ ಆಚೆಯವಳು.

ಆಕೆ ಬಾದಾಮಿಯಲ್ಲಿ ಒಂದು ಕೋಣೆ ಹಿಡಿದಿದ್ದಳು. ಎಲ್ಲರಂತೆ ಗುಹೆ ನೋಡಲು ಬಂದವಳು, ಗುಹೆ ಬಿಟ್ಟು ದಿನ ಬಿಟ್ಟು ದಿನ ಬಸ್ಸು ಹತ್ತಿ ಇಳಕಲ್ಲಿಗೆ ಬರತೊಡಗಿದಳು. ನಲವತ್ತು ದಾಟಿದ ವಯಸ್ಸು, ಹೆಗಲಿಗೆ ಒಂದು ದುಪಟ್ಟಾ, ಬಿಸಿಲಿಗೆ ಕೆಂಪಾದ ಮೂಗು. ತನ್ನ ದೇಶದ ಕಾಲೇಜೊಂದರಲ್ಲಿ ನೇಯ್ಗೆ ಕಲಿಸುತ್ತೇನೆ ಎಂದಳು. ಕನ್ನಡವನ್ನು ಮೈಸೂರಿನಲ್ಲಿ ಕಲಿತಿದ್ದಳಂತೆ. "ತಾವು ಊಟ ಮಾಡಿದಿರಾ? ತಮ್ಮ ಆರೋಗ್ಯ ಹೇಗಿದೆ?" ಎಂದು ರೇಡಿಯೋ ವಾರ್ತೆಯ ಹಾಗೆ ಕೇಳುತ್ತಿದ್ದಳು. ಓಣಿಯಲ್ಲಿ ಇದೇ ದೊಡ್ಡ ಸಂಶಯವಾಯಿತು. ಎದುರುಮನೆಯವನಿಗೆ ಗ್ರಾನೈಟ್ ಪಾಲಿಶ್ ಮಾಡುವ ಸಣ್ಣ ಕಾರ್ಖಾನೆ ಇದೆ, ಸಂಜೆ ನಮ್ಮ ಕಟ್ಟೆಯ ಮೇಲೆ ಕೂರುವ ಚಟವೂ ಇದೆ. ಅವನು ತೀರ್ಪು ಕೊಟ್ಟೇಬಿಟ್ಟ.

"ಇಷ್ಟು ಚೊಕ್ಕ ಕನ್ನಡ ನಮ್ಮ ಸಾಲಿ ಮಾಸ್ತರಗೂ ಬರೂದಿಲ್ಲ. ಈಕಿನ್ನ ಯಾರೋ ಕಲಿಸಿ ಕಳಿಸ್ಯಾರ."

"ಯಾರು ಕಳಿಸ್ಯಾರ?" ಎಂದೆ.

"ಅವರ ಸರಕಾರ. ಮತ್ತ್ಯಾರು?"

ನಗಬೇಡಿ. ದೊಡ್ಡ ದೇಶವೊಂದು ತನ್ನ ಬಗ್ಗೆ ಏನೇ ಹೇಳಿಕೊಳ್ಳಲಿ, ಅದರ ಹೆಸರು ತಯಾರಾಗುವುದು ಇಂಥ ಕಟ್ಟೆಗಳ ಮೇಲೆ. ನಮ್ಮ ಅರಿಶಿಣಕ್ಕೂ ಬಾಸುಮತಿ ಅಕ್ಕಿಗೂ ಅಲ್ಲಿಯವರು ಪೇಟೆಂಟ್ ಬರೆಸಿಕೊಳ್ಳಲು ಹೋಗಿದ್ದರು ಎಂಬುದು ನಮ್ಮ ಕಟ್ಟೆಗೆ ಗೊತ್ತಿತ್ತು. ಎಲ್ಲಿ ಬಾಂಬು ಬಿದ್ದರೂ ಅದರ ಹಿಂದೆಯೋ ಮುಂದೆಯೋ ಅವರಿರುತ್ತಾರೆ ಎಂಬುದೂ ಗೊತ್ತಿತ್ತು. ನಮ್ಮ ನೆರೆಯ ದೇಶಕ್ಕೂ ವಿಮಾನ ಮಾರುತ್ತಾರೆ, ನಮಗೂ ಮಾರುತ್ತಾರೆ, ಆಮೇಲೆ ಇಬ್ಬರನ್ನೂ ಕೂರಿಸಿಕೊಂಡು ಬುದ್ಧಿ ಹೇಳುತ್ತಾರೆ. ಅದೇ ದಿನಗಳಲ್ಲಿ ಟಿವಿಯಲ್ಲಿ ಎಲ್ಲರೂ ಇನ್ನೊಂದನ್ನು ನೋಡಿದೆವು. ಕಳ್ಳದಾರಿಯಿಂದ ಆ ದೇಶಕ್ಕೆ ಹೋಗಿದ್ದ ನಮ್ಮ ಮಂದಿಯನ್ನು ಕೈಗೆ ಬೇಡಿ, ಕಾಲಿಗೆ ಸರಪಳಿ ಹಾಕಿ ಸೈನ್ಯದ ವಿಮಾನದಲ್ಲಿ ತಂದು ಇಳಿಸಿದರು. ಹೋದವರದು ತಪ್ಪೇ, ಇರಲಿ. ಆದರೆ ಆ ಸರಪಳಿ ನೋಡಿ ನನ್ನ ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತದೆ.

ಮನೆಯಲ್ಲಿ ಅಮೆರಿಕದ ಪಕ್ಷ ವಹಿಸುವವರು ನನ್ನ ಗಂಡ ಒಬ್ಬರೇ. ಅದಕ್ಕೆ ಕಾರಣ ಉಪ್ಪಿಟ್ಟು. ಅವರು ಸಣ್ಣವರಿದ್ದಾಗ ಸಾಲೆಯಲ್ಲಿ ಆ ದೇಶದಿಂದ ಬಂದ ಹಳದಿ ರವೆಯ ಉಪ್ಪಿಟ್ಟು, ಪುಡಿಹಾಲು ಕೊಡುತ್ತಿದ್ದರು. ಆ ರುಚಿ ಇನ್ನೂ ನಾಲಿಗಿ ಮ್ಯಾಲ ಐತಿ ಎನ್ನುತ್ತಾರೆ. ಅತ್ತೆ ಆಗಲೂ ಒಪ್ಪಿರಲಿಲ್ಲವಂತೆ. "ಪುಕ್ಕಟ ಕೊಡಾಂವ ಎಲ್ಲ್ಯರೆ ಒಂದ ಕಡೆ ಬರದಿಟ್ಟಿರ್ತಾನ" ಎಂಬುದು ಅವರ ಮಾತು. ಅಮೆರಿಕದಾಕೆ ಬಂದ ಮೊದಲ ದಿನವೇ ಗಂಡ ಈ ಉಪ್ಪಿಟ್ಟಿನ ಕಥೆಯನ್ನು ಸಂಭ್ರಮದಿಂದ ಹೇಳಿದರು. ಆಕೆಗೆ ಅದೇನೆಂದೇ ಗೊತ್ತಿರಲಿಲ್ಲ. ಕೊಟ್ಟವರು ಮರೆತಿದ್ದರು, ಉಂಡವರು ನೆನಪಿಟ್ಟಿದ್ದರು. ಸರಪಳಿಯ ವಿಷಯವೂ ನಾಳೆ ಹೀಗೇ ಆಗುತ್ತದೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ನಾನು ಸುಮ್ಮನೆ ಕೂರಲಿಲ್ಲ. ಬಾದಾಮಿಯಲ್ಲಿ ಆಕೆ ಇಳಿದುಕೊಂಡ ಲಾಡ್ಜಿನ ಯಜಮಾನ ನಮ್ಮ ಅಂಗಡಿಯ ಹಳೆಯ ಗಿರಾಕಿ. ಸೊಸೆಗೆ ಸೀರೆ ಒಯ್ಯಲು ಬಂದಾಗ, ಆ ಹೆಂಗಸು ಅಲ್ಲಿ ಏನು ಮಾಡುತ್ತಾಳೆ, ಯಾರು ಬರುತ್ತಾರೆ, ಯಾರ ಜೊತೆ ಮಾತಾಡುತ್ತಾಳೆ ಎಂದು ವಿಚಾರಿಸಿದೆ. "ಯಾರೂ ಬರೂದಿಲ್ರಿ. ಸಂಜಿಮುಂದ ಕೆರಿ ಪಾವಟಿಗಿ ಮ್ಯಾಲ ಕುಂತು ನೂಲಿಗೆ ಗಂಟು ಹಾಕತಾಳ, ಬಿಚ್ಚತಾಳ, ಮತ್ತ ಹಾಕತಾಳ" ಎಂದ. ಬೇರೆಯವರಿಗೆ ಇದರಲ್ಲಿ ಪಾಪದ ಹೆಂಗಸು ಕಂಡಾಳು. ನನಗೆ ಕಂಡದ್ದು, ಅತ್ತೆಯ ಕೈಯಿಂದ ಕದ್ದದ್ದನ್ನು ಕೆರೆಯ ಮೆಟ್ಟಿಲ ಮೇಲೆ ಕೂತು ತಿದ್ದುತ್ತಿರುವವಳು.

ಕೆಲವು ದಿನ ನೋಡುತ್ತ ಕೂತ ಮೇಲೆ ಆಕೆ ಕೇಳಿಯೇಬಿಟ್ಟಳು. "ಅಮ್ಮ, ಈ ಕೊಂಡಿಯನ್ನು ನನಗೆ ಕಲಿಸುತ್ತೀರಾ? ನನ್ನ ಅಜ್ಜಿಯೂ ನೇಯುತ್ತಿದ್ದರು. ಅವರ ಕೆಲಸವನ್ನು ನಮ್ಮ ಮನೆಯಲ್ಲಿ ಯಾರೂ ಕಲಿಯಲಿಲ್ಲ."

ಬೇಕಾದದ್ದು ಇದ್ದಾಗ ಎಲ್ಲರಿಗೂ ಒಬ್ಬಳು ಅಜ್ಜಿ ನೆನಪಾಗುತ್ತಾಳೆ ಎಂದು ನಾನು ಅಡುಗೆಮನೆಯಿಂದಲೇ ಗೊಣಗಿದೆ. ಅಷ್ಟರಲ್ಲಿ ಆಕೆ ಫೋನು ತೆಗೆದು, ವಿಡಿಯೋ ಮಾಡಿಕೊಳ್ಳಬಹುದೇ ಎಂದೂ ಕೇಳಿದಳು. ಅತ್ತೆಯನ್ನು ಒಳಗೆ ಕರೆದೆ.

"ಅತ್ತೀ, ಬ್ಯಾಡ್ರಿ. ಇವತ್ತು ವಿಡಿಯೋ, ನಾಳೆ ಅಲ್ಲೆ ಮಷಿನ್. ನಾಡದು ನಮ್ಮ ಕೊಂಡಿ ನಮಗ ಮಾರ್ತಾರ."

"ನನಗೂ ತಿಳಿತೈತಿ. ಮನಿಗೆ ಬಂದಾಕಿಗೆ ಇಲ್ಲ ಅಂತ ಹ್ಯಾಂಗ ಅನ್ನೂದು?" ಎಂದು ಅತ್ತೆ ಅಕ್ಕಿಯ ಡಬ್ಬಿಯನ್ನು ನನ್ನ ಕಡೆ ಸರಿಸಿದರು. ಆಮೇಲೆ, "ಆಕಿಗೆ ಉಡಿ ತುಂಬು" ಎಂದರು.

ಮಾವ ತೀರಿಕೊಂಡ ಮೇಲೆ ಮನೆಯಲ್ಲಿ ಉಡಿ ತುಂಬುವ ಕೆಲಸ ನನ್ನದೇ. ಅತ್ತೆಯ ತಲೆಯಲ್ಲಿ ಏನಿದೆ ಎಂದು ತಿಳಿಯದೆ ಆಕೆಯನ್ನು ಮಣೆಯ ಮೇಲೆ ಕೂರಿಸಿ ಕುಂಕುಮ ಹಚ್ಚಿದೆ. ಸೆರಗಿಲ್ಲವಲ್ಲ, ದುಪಟ್ಟಾವನ್ನೇ ಹಿಡಿಸಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು, ಕುಪ್ಪಸಕ್ಕೆ ಒಂದು ಖಣ ಹಾಕಿದೆ. ಓಣಿಯ ಹೆಂಗಸರು ಬಾಗಿಲಲ್ಲಿ ನೆರೆದರು. ಆಕೆಯ ಕಣ್ಣಲ್ಲಿ ನೀರು ಬಂತು. ಆಗ ಅತ್ತೆ ಎಲ್ಲರಿಗೂ ಕೇಳುವ ಹಾಗೆ, "ಇವತ್ತಿನಿಂದ ನೀ ಈ ಮನಿ ಮಗಳು" ಎಂದರು. ಆಕೆಯ ಗದ್ದ ಹಿಡಿದು, ಅಷ್ಟೇ ಅಕ್ಕರೆಯಿಂದ, "ನಮ್ಮ ಮನ್ಯಾಗ ಮಗಳಿಗೆ ಕೊಂಡಿ ಕಲಸೂದಿಲ್ಲ ನೋಡವಾ" ಎಂದರು.

ಚೇಷ್ಟೆ ಎಂದುಕೊಂಡು ಆಕೆ ನಕ್ಕಳು. ನಾನು ಕಟ್ಟಳೆಯನ್ನು ಬಿಡಿಸಿ ಹೇಳಿದ ಮೇಲೆ ನಗು ನಿಂತಿತು. ಉಡಿ ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಎದ್ದಳು. ದಿಲ್ಲಿಯ ಯಾವ ರಾಯಭಾರಿಗೂ ಇಷ್ಟು ಮರ್ಯಾದೆಯಿಂದ ಇಲ್ಲ ಎನ್ನಲು ಬಂದಿರಲಿಕ್ಕಿಲ್ಲ. ಓಣಿಗೆಲ್ಲ ಖುಷಿಯೋ ಖುಷಿ. "ಮುದುಕಿ ಅಮೆರಿಕಾನ್ನ ಗೆದ್ದಳು" ಎಂದು ಎದುರುಮನೆಯವನು ಬಸ್ ನಿಲ್ದಾಣದವರೆಗೂ ಸಾರಿಕೊಂಡು ಬಂದ. ಆಕೆಯನ್ನು ಬಸ್ಸು ಹತ್ತಿಸಲು ನಾನೇ ಹೋಗಿದ್ದೆ, ಹೋದಳೋ ಇಲ್ಲವೋ ಖಾತ್ರಿ ಮಾಡಿಕೊಳ್ಳಲು. ಕಿಟಕಿಯಿಂದ ತಲೆ ಹೊರಹಾಕಿ, "ಇಲ್ಲಿ ಹೆಣ್ಣುಮಕ್ಕಳು ತವರಿಗೆ ಯಾವಾಗ ಬರುತ್ತಾರೆ?" ಎಂದು ಕೇಳಿದಳು. "ಪಂಚಮಿಗೆ" ಎಂದೆ. ಬಸ್ಸು ಹೊರಡುವ ಗದ್ದಲದಲ್ಲಿ ಬಾಯಿಗೆ ಬಂದದ್ದನ್ನು ಹೇಳಿದ್ದು ಅಷ್ಟೇ.

ಬೇಸಿಗೆಯಲ್ಲಿ ಗಡಿಯಲ್ಲಿ ಗುಂಡು ಹಾರಿದವು, ನಿಂತವು. ಆ ಜಗಳ ಬಿಡಿಸಿದವನು ನಾನೇ ಎಂದು ಅಮೆರಿಕದ ಅಧ್ಯಕ್ಷ ದಿನಕ್ಕೊಮ್ಮೆ ಹೇಳಿಕೊಳ್ಳತೊಡಗಿದ. "ಗಂಡ ಹೆಂಡತಿ ಜಗಳ ಬಿಡಿಸಿದೆ ಅಂತ ಊರ ತುಂಬ ಡಂಗುರ ಹೊಡ್ಯಾಂವನ ಮಾರಿ ನೋಡ್ರಿ" ಎಂದು ಕಟ್ಟೆ ನಕ್ಕಿತು. ಉಪ್ಪಿಟ್ಟಿನ ಪಕ್ಷದ ನನ್ನ ಗಂಡನೂ ನಕ್ಕರು.

ಪಂಚಮಿ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ಬಾಗಲಕೋಟೆಗೆ ಕೊಟ್ಟ ನಮ್ಮ ನಾದಿನಿ ಮೊದಲೇ ಬಂದು ಶೇಂಗಾ ಉಂಡಿ ಕಟ್ಟುತ್ತ ಕೂತಿದ್ದಳು. ಹಬ್ಬದ ಹಿಂದಿನ ಸಂಜೆ ಬಾಗಿಲಲ್ಲಿ ಆಟೋ ನಿಂತಿತು. ಇಳಿದವಳು ಅಮೆರಿಕದಾಕೆ. ನಾನು ಉಡಿಗೆ ಹಾಕಿದ್ದ ಖಣವನ್ನು ಕುಪ್ಪಸ ಹೊಲಿಸಿ ತೊಟ್ಟಿದ್ದಳು, ಕೈಯಲ್ಲಿ ಅಮೀನಗಡದ ಕರದಂಟಿನ ಪೊಟ್ಟಣ. "ಅವ್ವಾ, ಪಂಚಮಿಗೆ ಬಂದೆ" ಎಂದಳು. ಅಮ್ಮ ಹೋಗಿ ಅವ್ವ ಆಗಿತ್ತು.

ಪಂಚಮಿಗೆ ಬಂದ ಮಗಳನ್ನು ಹೊಸ್ತಿಲಿನಿಂದ ತಿರುಗಿ ಕಳಿಸಿದ ಮನೆ ನಮ್ಮ ಸೀಮೆಯಲ್ಲಿ ಉದ್ಧಾರವಾಗುವುದಿಲ್ಲ. ಓಣಿಯೆಲ್ಲ ನೋಡುವಾಗ ಆಕೆಯನ್ನು ಮಗಳು ಮಾಡಿಕೊಂಡವರು ನಾವೇ. ನಾವು ಹೊಸೆದ ಹಗ್ಗ ನಮ್ಮ ಕೊರಳಿಗೇ ಬಿದ್ದಿತ್ತು. ಅತ್ತೆ ಎದ್ದು ಹೋಗಿ ಕಾಲಿಗೆ ನೀರು ಕೊಟ್ಟರು. ಹಬ್ಬದ ದಿನ ಆಕೆ ನಾಗಪ್ಪನಿಗೆ ಹಾಲೆರೆದಳು, ಜೋಕಾಲಿ ಆಡಿದಳು, ಅಳ್ಳಿಟ್ಟಿನ ಹುಡಿ ಬಾಯಿಗೆ ಹಾಕಿಕೊಂಡು ಕೆಮ್ಮಿದಳು. ನಾದಿನಿ ಮಾತ್ರ ಮುಖ ಊದಿಸಿಕೊಂಡೇ ಇದ್ದಳು.

ಹಬ್ಬ ಮುಗಿಯುವುದೇ ತಡ, ಟಿವಿಯಲ್ಲಿ ಸುದ್ದಿ ಬಂತು. ನಮ್ಮ ದೇಶದಿಂದ ಹೋಗುವ ಮಾಲಿನ ಮೇಲೆ ಅಮೆರಿಕ ಸುಂಕ ಏರಿಸುತ್ತದಂತೆ, ರಷ್ಯದಿಂದ ಎಣ್ಣೆ ಕೊಂಡದ್ದಕ್ಕೆ ಮೇಲೆ ದಂಡವಂತೆ. ಎದುರುಮನೆಯವನ ಕಲ್ಲು ಹಡಗು ಹತ್ತಿ ಹೋಗುವುದು ಅಲ್ಲಿಗೇ. ಅವನು ಹಲ್ಲುಜ್ಜುತ್ತಲೇ ನಮ್ಮ ಕಟ್ಟೆಗೆ ಬಂದ. "ನಿಮ್ಮ ಹೊಸಾ ಮಗಳನ್ನ ಕೇಳ್ರಿ. ನಾವು ಯಾರ ಅಂಗಡ್ಯಾಗ ಎಣ್ಣಿ ತಗೋಬೇಕು ಅಂತ ಅವರಪ್ಪನ್ನ ಕೇಳಿ ಬರಬೇಕೇನು?" ಎಂದು ಕೂಗಿದ. ಒಳಗಿದ್ದ ಆಕೆಗೆ ಪ್ರತಿ ಮಾತೂ ಕೇಳುತ್ತಿತ್ತು. ನನಗೆ ಒಳಗೊಳಗೇ ಒಂದು ಸಮಾಧಾನವಾಯಿತು, ಸಂಶಯ ಖರೆ ಆದವರಿಗೆ ಆಗುವಂಥದ್ದು.

ಹಬ್ಬಕ್ಕೆ ಬಂದ ಮಗಳಿಗೆ ಸೀರೆ ಕೊಟ್ಟು ಕಳಿಸುವುದು ರೂಢಿ. ಗಂಡ ಇಬ್ಬರಿಗೂ ಒಂದೊಂದು ತಂದಿಟ್ಟು, ಕಟ್ಟೆಯ ಜಗಳ ಬೇಡವೆಂದು ಅಂಗಡಿಗೆ ಹೋಗಿಬಿಟ್ಟರು. ನಾದಿನಿ ತನ್ನದನ್ನು ತೊಡೆಯ ಮೇಲೆ ಎಳೆದುಕೊಂಡಳು. ಅಮೆರಿಕದಾಕೆ ಸೆರಗು ಬಿಡಿಸಿ, ಮೈಯೂ ಸೆರಗೂ ಕೂಡಿದ ಜಾಗದ ಮೇಲೆ ಬೆರಳಾಡಿಸುತ್ತ, "ಅವ್ವಾ, ಸುಂಕ ಹಾಕಿದ್ದು ನಾನಲ್ಲ. ನಾನೇನು ಮಾಡಿದ್ದೇನೆ?" ಎಂದಳು.

ನಾದಿನಿಗೆ ತಡೆಯಲಾಗಲಿಲ್ಲ. "ಯವ್ವಾ, ನಾ ನಿನ್ನ ಹೊಟ್ಟ್ಯಾಗ ಹುಟ್ಟಿದಾಕಿ. ಸಣ್ಣಾಕಿ ಇದ್ದಾಗ ಮಗ್ಗದ ಹತ್ರ ಬಂದ್ರ ಬಡದು ಎಬ್ಬಸ್ತಿದ್ದಿ. ನನಗ ಕಲಸದ್ದನ್ನ ಈಕಿಗೆ ಕಲಸ್ತಿ ಏನು?" ಎನ್ನುತ್ತ ಅತ್ತೇಬಿಟ್ಟಳು. ಆ ಸಿಟ್ಟು ಎಷ್ಟು ವರ್ಷದ್ದೋ. ಅದೇ ಸಿಟ್ಟು ನನ್ನ ಹೊಟ್ಟೆಯಲ್ಲೂ ಇತ್ತು, ನನ್ನ ತವರಿನ ಮೇಲೆ.

ಅತ್ತೆ ಮಗಳಿಗೆ ಉತ್ತರ ಕೊಡದೆ ಆಕೆಯ ಕಡೆ ತಿರುಗಿದರು. "ನೀ ಏನೂ ಮಾಡಿಲ್ಲವಾ. ನಿಮ್ಮ ಮನಿ ದೊಡ್ಡದೈತಿ. ದೊಡ್ಡ ಮನಿಗೆ ಹೋದ ಸಾಮಾನು ತಿರುಗಿ ಬಂದದ್ದು ನಾ ನೋಡಿಲ್ಲ. ಬುಟ್ಟಿ ಒಯ್ತಾರ, ನಮ್ಮ ಬುಟ್ಟಿ ಕೊಡ್ರಿ ಅಂತ ಕೇಳಾಕ ಹೋದ್ರ ನಾಯಿ ಬಿಡ್ತಾರ."

ಆಕೆ ಹೌದೆಂದು ತಲೆಯಾಡಿಸಿದಳು. ವಾದ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಅತ್ತೆ ಮಗ್ಗಕ್ಕೆ ಇಳಿದು ಕೂತು ನನ್ನನ್ನು ಕರೆದರು. "ನೀ ಬಾ ಇಲ್ಲೆ. ಬಾಜೂಕ ಕೂಡು."

"ನಾನ?"

"ಸೊಸಿ ನೀನ ಅಲ್ಲೇನು? ಮಗಳಿಗೆ ಕಲಸೂದಿಲ್ಲ, ಸೊಸಿಗೆ ಕಲಸ್ತೇನಿ. ತವರುಮನ್ಯಾಗ ಮಗಳು ಎಲ್ಲಿ ಕುಂತ್ರೂ ಯಾರೂ ಏನೂ ಅನ್ನಂಗಿಲ್ಲ."

ಇಷ್ಟು ವರ್ಷ ಕರೆಯದವರು ಇವತ್ತು ಕರೆದದ್ದು ನನಗಾಗಿ ಅಲ್ಲ ಎಂದು ಗೊತ್ತಿತ್ತು. ಆದರೂ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತೆ. ನಾದಿನಿ ಕೈಚಾಚುವ ಮೊದಲೇ ಆಕೆ ತನ್ನ ಫೋನನ್ನು ಅವಳಿಗೆ ಕೊಟ್ಟಳು. ನಾದಿನಿ ಅದನ್ನು ಉಂಡಿಯ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಇಬ್ಬರೂ ನಮ್ಮ ಹಿಂದೆ ಗೋಡೆಗೆ ಒರಗಿ ಕೂತರು.

ಅತ್ತೆ ನನ್ನ ಭುಜ ಹಿಡಿದು ಎಡಕ್ಕೆ ಸರಿಸಿದರು, ಇನ್ನಷ್ಟು ಎಡಕ್ಕೆ. ಆಗ ಆಟ ತಿಳಿಯಿತು. ಎಳೆಯೊಳಗೆ ಎಳೆ ತೂರಿಸುವುದು ಹಿಂದೆ ಕೂತವರಿಗೆ ಕಾಣುತ್ತದೆ. ಹೆಬ್ಬೆರಳಿನ ಹೊರಳು ಮಾತ್ರ ನನ್ನ ಬೆನ್ನಿನ ಮರೆಯಲ್ಲಿ ನಡೆಯುತ್ತದೆ. ಅಂಗಡಿಯಲ್ಲಿ ಕೂತು ಬೆಳೆಸಿದ ಬೆನ್ನು, ಒಂದು ಬಾಗಿಲಿನಷ್ಟು ಅಗಲ. ಇಷ್ಟು ದಿನಕ್ಕೆ ಅದೂ ಉಪಯೋಗಕ್ಕೆ ಬಂತು ಎಂದು ನಾನು ಖುಷಿಯಿಂದಲೇ ಕೂತೆ. ನನ್ನ ಬೆರಳು ತಡವರಿಸಿದವು, ಎಳೆ ಜಾರಿತು, ಅತ್ತೆ ಕೈಮೇಲೆ ಒಂದು ಏಟು ಕೊಟ್ಟು ಮತ್ತೆ ಹಿಡಿಸಿದರು. ಕೊನೆಗೆ ಹೆಬ್ಬೆರಳಿನ ಸರದಿ ಬಂತು.

ಹಿಂದೆ ಬಟ್ಟೆಯ ಸಪ್ಪಳವಾಯಿತು. ಎದ್ದು ಬಂದು ಇಣುಕುತ್ತಾಳೆ ಎಂದು ಬೆನ್ನನ್ನು ಇನ್ನಷ್ಟು ಅಗಲಿಸಿ ತಿರುಗಿ ನೋಡಿದೆ. ಇಣುಕುತ್ತಿದ್ದವಳು ಕತ್ತು ಚಾಚಿಕೊಂಡ ನಾದಿನಿ. ಅಮೆರಿಕದಾಕೆ ಕೂತಲ್ಲೇ ಹೊರಳಿ ನಮಗೆ ಬೆನ್ನು ಮಾಡಿ, ಗೋಡೆಯ ಕಡೆ ಮುಖ ಹಾಕಿದ್ದಳು.

"ಇದು ಸೊಸೆಗೆ ಮಾತ್ರ, ಅಲ್ಲವೇ ಅವ್ವಾ? ಮಾಡಿ. ನಾನು ನೋಡುವುದಿಲ್ಲ" ಎಂದಳು.

ಇದೂ ಒಂದು ಉಪಾಯವಿರಬಹುದು ಎಂದು ನನಗೆ ಅನಿಸದೆ ಇರಲಿಲ್ಲ. ಬೇಡ ಬೇಡ ಎನ್ನುತ್ತಲೇ ತಟ್ಟೆ ಖಾಲಿ ಮಾಡುವವರನ್ನು ಎಷ್ಟು ಮಂದಿ ಕಂಡಿಲ್ಲ? ಅತ್ತೆಯ ಕೈ ಎಳೆಯ ಮೇಲೆ ನಿಂತೇ ಇತ್ತು. ಹೊರಗೆ ಕಟ್ಟೆಯ ಮೇಲೆ ಸುಂಕದ ಮಾತು ಇನ್ನೂ ನಡೆದಿತ್ತು. ಅತ್ತೆ ಆ ಬೆನ್ನನ್ನು ನೋಡಿದರು, ನನ್ನನ್ನು ನೋಡಿದರು.

"ನೀ ಒಂಚೂರು ಆಕಡೆ ಸರಿ."

ನಾನು ಕೇಳಿಸದವಳ ಹಾಗೆ ಕೂತೆ.

"ಸರಿ ಅಂದೆ."

"ಅತ್ತೀ, ಹೊರಗ ಏನ ಮಾತಾಡಾಕತ್ತಾರ ಕೇಳ್ರಿ."

"ಕೇಳೇನಿ. ಸುಂಕ ಹಾಕಿದಾಂವ ಇಲ್ಲಿ ಬಂದು ಕುಂತಿಲ್ಲ" ಎಂದು ಮೊಣಕೈಯಿಂದ ನನ್ನನ್ನು ನೂಕಿದರು. ಆಮೇಲೆ ಹಿಂದೆ ತಿರುಗಿ, "ಇಬ್ಬರೂ ಬರ್ರಿ. ಒಂದ ಸಲ ತೋರಸ್ತೇನಿ" ಎಂದರು. ಕಟ್ಟಳೆ ಅಷ್ಟಕ್ಕೇ ಮುರಿಯಿತು.

ಆ ದೇಶವನ್ನು ನಾನು ಇವತ್ತಿಗೂ ನಂಬುವುದಿಲ್ಲ. ಆಕೆ ತನ್ನ ಕಾಲೇಜಿನಲ್ಲಿ ಇದನ್ನು ಯಾರಿಗೆ ಹೇಳಿಕೊಡುತ್ತಾಳೋ, ಅಲ್ಲಿಂದ ಅದು ಯಾರ ಕೈಗೆ ಹೋಗುತ್ತದೋ, ಆ ಹೆದರಿಕೆ ಹೋಗಿಲ್ಲ. ಹೋಗಲಿ ಎಂಬ ಆಸೆಯೂ ಇಲ್ಲ.

ನಾದಿನಿ ಡಬ್ಬಿ ಸಮೇತ ತೆವಳಿಕೊಂಡು ಬಂದು ತಾಯಿಯ ಮೊಣಕಾಲಿಗೆ ಅಂಟಿ ಕೂತಳು. ಆಕೆ ಮಾತ್ರ ಗೋಡೆಯ ಕಡೆಗೇ ಇದ್ದಳು, ಭುಜ ಅಲುಗುತ್ತಿತ್ತು. ಅತ್ತೆ ಹೆಬ್ಬೆರಳನ್ನು ಎಳೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು. ಕೊನೆಗೆ ನಾನೇ ಸರಿದು ಜಾಗ ಮಾಡಿದೆ.

"ಬಾರವಾ, ಕಾಣಂಗ ಕೂಡು" ಎಂದೆ. "ಅವರ ಕೈ ಸೋಲಾಕತ್ತೈತಿ."